ಕಾರಿಗೆ ಹೊಸ್ತಿಲು ಎಲ್ಲಿದೆ

ಜುಲೈ ೪, ಶುಕ್ರವಾರ

ಬೆಳಿಗ್ಗೆ ಡ್ರಾಪ್ಸ್. ಎರಡು ತೊಟ್ಟು ಕಣ್ಣಿಗೆ, ನಾಲ್ಕು ಕೆನ್ನೆಗೆ. ನಾನೇ ಹಾಕಿಕೊಂಡರೆ ಹೀಗೇ. ಬಲಗಣ್ಣಿನ ಪೊರೆ ತೆಗೆದು ವಾರವಾಯಿತು. ಒಂದು ತಿಂಗಳು ಸ್ಟೀರಿಂಗ್ ಮುಟ್ಟಬಾರದು ಅಂದಿದ್ದಾರೆ ಡಾಕ್ಟರು. ಮಂಡ್ಯ–ಮಳವಳ್ಳಿ ರೂಟಿನಲ್ಲಿ ಬಸ್ಸು ಓಡಿಸಿಯೇ ರಿಟೈರಾದವನು ಈಗ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು, ಹೊಳಲಿನ ಟ್ರ್ಯಾಕ್ಟರುಗಳ ಗೇರು ಕೇಳುತ್ತಿದ್ದೇನೆ. ಸೆಕೆಂಡಿನಲ್ಲಿ ಹೋಗಬೇಕಾದ ಕಡೆ ಥರ್ಡು. ಯಾರಿಗೆ ಹೇಳುವುದು.

ಹತ್ತು ಗಂಟೆಗೆ ಫೋನು. ಮುದ್ದಯ್ಯ — ನನ್ನ ಹೆಂಡತಿ ಹೊಂಬಾಳೆಯ ತಂಗಿ ಕುಸುಮಳ ಗಂಡ. ಗುಂಡ್ಲುಪೇಟೆ ಕಡೆಯವನು. ಕಾಡಿನ ಆಚೆ, ಕೇರಳದ ಕಲ್ಪೆಟ್ಟದಲ್ಲಿ ತರಕಾರಿ ಮಂಡಿ ಇಟ್ಟಿದ್ದಾನೆ. ಕುಸುಮಳ ಹೃದಯದ ವಾಲ್ವು ಕೆಟ್ಟಿದೆಯಂತೆ. ಬರುವ ಶುಕ್ರವಾರ ಕೋಳಿಕೋಡಿನಲ್ಲಿ ಆಪರೇಷನ್.

"ಅಕ್ಕ ಬಂದು ಪಕ್ದಲ್ಲಿ ಕೂತ್ರೇನೆ ಒಳೀಕ್ ಓಯ್ತೀನಿ ಅಂತ ಅಟ ಇಡ್ದವ್ಳೆ ಕಣಣ್ಣ. ಡಾಕ್ಟ್ರು ಹೇಳುದ್ರೂ ಕೇಳಾಕಿಲ್ಲ, ನಾನ್ ಹೇಳುದ್ರೂ ಕೇಳಾಕಿಲ್ಲ."

ಹೊಂಬಾಳೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತ ರಾಗಿ ಕೇರುತ್ತಿದ್ದಳು. ಕೇರಿಟ್ಟದ್ದನ್ನೇ ಮೊರಕ್ಕೆ ಸುರಿದುಕೊಂಡು ಮತ್ತೆ ಕೇರಿದಳು.

ಜುಲೈ ೫, ಶನಿವಾರ

ಹೋಗುವುದು ಹೇಗೆ?

ಬಸ್ಸು ಆಗದು. ಬಸ್ ಡ್ರೈವರನ ಹೆಂಡತಿ, ಬಸ್ಸು ಹತ್ತಿದರೆ ವಾಂತಿ. ಮದುವೆಯಾದ ಹೊಸದರಲ್ಲಿ ಜಂಬಕ್ಕೆ ನನ್ನ ಬಸ್ಸಲ್ಲೇ ಮುಂದಿನ ಸೀಟಲ್ಲಿ ಕೂರಿಸಿಕೊಂಡು ಹೋಗಿದ್ದೆ. ಮಳವಳ್ಳಿ ಮುಟ್ಟುವ ಹೊತ್ತಿಗೆ ಬಸ್ಸಿಗೆ ಬಸ್ಸೇ ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿತ್ತು. ಕಾರಾದರೆ ತಡೆಯುತ್ತಾಳೆ — ಮುಂದಿನ ಸೀಟು, ಗಾಜು ಇಳಿಸಿರಬೇಕು, ಮಳೆ ಬಂದರೂ.

ಕಾರಿದೆ. ಓಡಿಸುವವರು ಯಾರು? ಮಗ ಶಶಿ ಲೈನ್‌ಮನ್. ಗಾಳಿಮಳೆಗೆ ದಿನಾ ಕಂಬ ಮುರಿಯುತ್ತಿವೆ, ರಜೆ ಕೇಳುವ ಹಾಗಿಲ್ಲ. ಉಳಿದವಳು ಸೊಸೆ ದೀಪಿಕ. ಮೇ ತಿಂಗಳಲ್ಲಿ ಮದುವೆಯಾಗಿದೆ. ಮಳವಳ್ಳಿ ಹತ್ತಿರದ ಮಾದಯ್ಯನವರ ಮಗಳು. ಅಪ್ಪನ ಗೂಡ್ಸ್ ಗಾಡಿಯಲ್ಲಿ ಎಳನೀರು ತುಂಬಿಕೊಂಡು ಮದ್ದೂರು ಮಾರ್ಕೆಟ್ಟಿಗೆ ತಾನೇ ಹೊಡೆದುಕೊಂಡು ಹೋಗುತ್ತಿದ್ದವಳು. ಜೊತೆಗೆ ಮಲಯಾಳ ಬರುತ್ತದೆ. ಅವರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ ವಯನಾಡಿನವರ ಮಕ್ಕಳ ಜೊತೆ ಆಡಿ ಬೆಳೆದವಳು.

ದೇವರೇ ಸೀಟು ಹಾಕಿಕೊಟ್ಟ ಹಾಗಿದೆ. ಆದರೆ ಆಷಾಢ.

ಹೊಸ ಸೊಸೆ ಮೊದಲ ಆಷಾಢಕ್ಕೆ ತವರಲ್ಲಿರಬೇಕು. ಗಂಡ ಹೆಂಡತಿ ಕೂಡುವಂತಿಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಸಂಸಾರಕ್ಕೆ ಕೇಡು ಅಂತ. ದೀಪಿಕ ಹೋಗಿ ಹತ್ತು ದಿನವಾಗಿದೆ.

ಸಂಜೆ ಸುಮ್ಮನೆ ಕೇಳಿದೆ:

"ಹೊಸ್ತಿಲು ತಾನೇ ದಾಟಬಾರದು? ಕಾರಿಗೆ ಹೊಸ್ತಿಲು ಎಲ್ಲದೆ?"

ಹೊಂಬಾಳೆ ಎದ್ದಳು. ಅಂಗಳಕ್ಕೆ ಹೋಗಿ ಕಾರಿನ ನಾಲ್ಕೂ ಬಾಗಿಲು ತೆಗೆಸಿದಳು. ಬಗ್ಗಿ ನೋಡಿದಳು. ಕೆಳಗಿನ ಪಟ್ಟಿಯನ್ನು ಬೆರಳಲ್ಲಿ ತಟ್ಟಿದಳು.

"ಇದೇನಿದು?"

"ಪಟ್ಟಿ. ನೀರು ಬರ್ದಂಗೆ."

"ಒಸ್ಲೇ ಆಯ್ತಲ್ಲ ಮತ್ತೆ."

"ಒಂದೊಂದು ಬಾಗ್ಲಿಗೆ ಒಂದೊಂದು ಅದೆ ಕಣೆ. ಅವ್ಳು ಬಲಗಡೆಯಿಂದ ಅತ್ತಾಳೆ, ನೀನು ಎಡಗಡೆಯಿಂದ. ಬೇರೆ ಬೇರೆ ಮನೆ ಅಂದ್ಕೊ."

ಅರ್ಧ ಗಂಟೆ ಯೋಚನೆ ಮಾಡಿದಳು. ಆಮೇಲೆ ತೀರ್ಪು ಬಂತು: "ಎಡಗಡೆ ಬಾಗ್ಲು ಅವ್ಳು ಮುಟ್ಬಾರ್ದು. ಬಲಗಡೇದು ನಾನು ಮುಟ್ಟಾಕಿಲ್ಲ. ದಾರೀಲಿ ಎಲ್ಲೂ ಇಬ್ರೂ ಒಂದೇ ಬಾಗ್ಲಲ್ಲಿ ನುಗ್ಗಂಗಿಲ್ಲ. ಈಗ್ಲೇ ಏಳಿವ್ನಿ."

ಜುಲೈ ೯, ಬುಧವಾರ. ಬೆಳಿಗ್ಗೆ

ಶಶಿ ಮಳವಳ್ಳಿವರೆಗೆ ಓಡಿಸಿಕೊಂಡು ಬಂದ. ಅಲ್ಲಿಂದ ಬಸ್ಸಲ್ಲಿ ವಾಪಸ್, ಡ್ಯೂಟಿಗೆ. ಮಾದಯ್ಯನವರ ಮನೆ ಮುಂದೆ ಕಾರು ನಿಂತದ್ದೇ ತಡ, ದೀಪಿಕಳ ಅಮ್ಮ ಗಂಡಹೆಂಡಿರ ಮಧ್ಯೆ ಬಂದು ಕಂಬದ ಹಾಗೆ ನಿಂತರು. ಶಶಿ ಕಾರಿನ ಕೀ ಕೊಡುವ ನೆಪದಲ್ಲಿ ಕೈ ಚಾಚಿದ. ಅತ್ತೆಯಮ್ಮನೇ ಈಸಿಕೊಂಡು ಮಗಳಿಗೆ ಕೊಟ್ಟರು.

ಮಾದಯ್ಯ ನಕ್ಕು ಅಂದರು: "ಕಂಬ ಅತ್ತೋನಿಗೆ ಕರೆಂಟ್ ಬಂದದೆ, ನೋಡಿ ಬೀಗ್ರೆ."

ಹೊಂಬಾಳೆ ಕಾರಿನಿಂದ ಇಳಿಯಲಿಲ್ಲ. ಆ ಮನೆಯ ಹೊಸ್ತಿಲೂ ಬೇಡ ಅಂತ. ಕಾಫಿ ಕಿಟಕಿಗೇ ಬಂತು. ದೀಪಿಕ ಬಲಗಡೆಯಿಂದ ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡು, "ಅತ್ತೆ, ಬೆಲ್ಟು" ಅಂದಳು. ಹೊಂಬಾಳೆ ಹಾಕಿಕೊಂಡಳು. ನಾನು ಹೇಳಿದಾಗ ಒಂದು ದಿನವೂ ಹಾಕಿಕೊಂಡಿದ್ದಿಲ್ಲ.

ನಾನು ಹಿಂದೆ. ಜನ್ಮದಲ್ಲಿ ಮೊದಲ ಸಲ ಬರೀ ಪ್ಯಾಸೆಂಜರು.

ಮಧ್ಯಾಹ್ನ, ಗುಂಡ್ಲುಪೇಟೆ

ಚೆನ್ನಾಗಿ ಓಡಿಸುತ್ತಾಳೆ. ತಿರುವಿಗೆ ಮುಂಚೆಯೇ ಗೇರು ಇಳಿಸುತ್ತಾಳೆ, ತಿರುವಿನಲ್ಲಿ ಅಲ್ಲ. ಆದರೂ ನನ್ನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿದೆ. ಅಲ್ಲಿ ಇರುವುದು ಬರೀ ಮ್ಯಾಟು.

"ಮಾವ, ಬ್ರೇಕ್ ಸಾಕು ಬುಡಿ. ಮ್ಯಾಟ್ ತೂತಾಯ್ತದೆ."

ತಿರುಮಕೂಡಲಿನಲ್ಲಿ ಹೊಳೆ ಕೆಂಪಗೆ, ದಡ ತುಂಬಿ ಹೋಗುತ್ತಿದೆ. ನಂಜನಗೂಡು ದಾಟಿದ ಮೇಲೆ ಮಳೆ. ಹೊಂಬಾಳೆಯ ಕಡೆ ಗಾಜು ಕೆಳಗೇ. ಸೆರಗು ತಲೆ ಮೇಲೆ ಹೊದ್ದು ಮುಖ ಆಚೆ ಇಟ್ಟುಕೊಂಡು, ದೇವರ ತೇರಿಗೆ ಕಾದ ಹಾಗೆ ಕೂತಿದ್ದಾಳೆ. ಅರ್ಧ ಮೈ ಒದ್ದೆ.

ಪೆಟ್ರೋಲ್ ಬಂಕಿನಲ್ಲಿ ಒಂದೇ ಟಾಯ್ಲೆಟ್ಟು. ದೀಪಿಕ ಮೊದಲು ಹೋಗಿಬಿಟ್ಟಳು, ಪಾಪ, ತಿಳಿಯದೆ. ಹೊಂಬಾಳೆ ಮುಂದಿನ ಬಂಕಿನವರೆಗೆ ತಡೆದುಕೊಂಡಳು. ಮುಂದಿನ ಬಂಕು ಎಷ್ಟು ದೂರ ಅಂತ ಮೂರು ಸಲ ಕೇಳಿದಳು. ನಾಲ್ಕನೇ ಸಲ ಕೇಳಲಿಲ್ಲ — ಹಲ್ಲು ಕಚ್ಚಿದ್ದಳು.

ಹೋಟೆಲಿಗೆ ನಾನು, ಹೊಂಬಾಳೆ. ದೀಪಿಕಳಿಗೆ ಕಾರಿಗೇ ಇಡ್ಲಿ. ಬಾನೆಟ್ಟಿನ ಮೇಲೆ ತಟ್ಟೆ ಇಟ್ಟುಕೊಂಡು, ಕೊಡೆ ಹಿಡಿದು ನಿಂತು ತಿನ್ನುತ್ತಿದ್ದಳು. ಸಪ್ಲೈಯರು ಹೊಂಬಾಳೆಯನ್ನು ಗುರಾಯಿಸಿ ನೋಡಿದ. ಇವಳೇಕೆ ಇಷ್ಟು ಕಲ್ಲಾಗಿದ್ದಾಳೆ?

ರಾತ್ರಿ ಎಂಟು, ಲಕ್ಕಿಡಿ

ಮುತ್ತಂಗದ ಕಾಡು ದಾಟಿದ ಮೇಲೆ ಮಳೆಯಲ್ಲ ಅದು, ಕೊಡದಲ್ಲಿ ಸುರಿದ ಹಾಗೆ. ವೈಪರು ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಗಾಜು ಮತ್ತೆ ಕುರುಡು. ಮಳೆಗಾಲದಲ್ಲಿ ಈ ಕಡೆಯ ಗುಡ್ಡಗಳ ಹೆಸರು ಕೇಳಿದರೇ ಎಲ್ಲರಿಗೂ ಎದೆ ನಡುಗುತ್ತದೆ. ಸಂಜೆ ಲಕ್ಕಿಡಿಗೆ ಬಂದರೆ ಘಾಟಿ ಬಂದ್. ಕೆಳಗೆ ಎಲ್ಲೋ ಮಣ್ಣು ಜಾರಿದೆ, ಬೆಳಿಗ್ಗೆಯೇ ಬಿಡುವುದು ಅಂದರು ಪೊಲೀಸರು. ದೀಪಿಕ ಇಳಿದು ವಿಚಾರಿಸಿ ಬಂದಳು. ರಸ್ತೆ ಬದಿಯ ಒಂದು ಮನೆಯಲ್ಲಿ ರೂಮು ಕೊಡುತ್ತಾರಂತೆ. ಒಂದೇ ರೂಮು ಉಳಿದಿದೆ.

ಹೊಂಬಾಳೆ ಸೀಟು ಬಿಟ್ಟು ಅಲ್ಲಾಡಲಿಲ್ಲ.

"ನೀನ್ ಒಳೀಕ್ ಓಗು ಮಗ. ನಾನ್ ಕಾರಲ್ಲೇ ಮಲೀಕತೀನಿ."

"ನೀವಾ? ಒದ್ದೆ ಸೀರೇಲಿ? ನಾನ್ ಮಲಗ್ತೀನಿ ಬುಡಿ ಅತ್ತೆ."

"ಬೆಳಗಿಂದ ಗಾಡಿ ಒಡ್ದಿದ್ದೀಯೆ. ನಾಳೆ ಈ ಘಾಟಿ ಇಳುಸ್ಬೇಕು. ನಿದ್ದೆಗೆಟ್ಟು ಮೂರ್ ಜನಾನೂ ಕಮರಿಗೆ ಕೆಡವ್ಬೇಕು ಅಂತಾನಾ?"

"ಹಂಗಾರೆ ಇಬ್ರೂ ಓಗಾನ ಬನ್ನಿ ಅತ್ತೆ."

"ಆಗಾಕಿಲ್ಲ ಅಂದ್ನಲ್ಲ."

ಮಳೆ ಕಾರಿನ ತಲೆ ಮೇಲೆ ತಮಟೆ ಬಾರಿಸುತ್ತಿತ್ತು. ದೀಪಿಕ ಸ್ಟೀರಿಂಗ್ ಹಿಡಿದುಕೊಂಡೇ ಇದ್ದಳು. ಬೆಳಗಿನಿಂದ ನುಂಗಿದ್ದೆಲ್ಲ ಆಚೆ ಬಂತು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ನನ್ ಕಾಲ್ಗುಣದ ಮೇಲೆ ಅಷ್ಟು ಅನುಮಾನ್ವಾ ನಿಮ್ಗೆ? ನಾನ್ ಕಾಲಿಟ್ರೆ ನಿಮ್ಗೇನಾರ ಆಗೋಯ್ತದೆ ಅಂತಾನಾ?"

ಹೊಂಬಾಳೆ ತಿರುಗಿ ಅವಳ ಮುಖ ನೋಡಿದಳು.

"ನಂಗ್ ಆದ್ರೆ ಆಗ್ಲಿ ಕಣೆ. ಆದ್ಮೇಲೆ ನಿನ್ಗೆ ಏನ್ ಆಯ್ತದೆ ಗೊತ್ತಾ?"

ಆಮೇಲೆ ಹೇಳಿದಳು. ನನಗೆ ಹೇಳಲಿಲ್ಲ, ಸೊಸೆಗೆ. ನಾನು ಹಿಂದಿದ್ದೇನೆ ಅನ್ನುವುದೇ ಮರೆತವಳಂತೆ.

ನಮ್ಮ ಮದುವೆಯಾದ ವರ್ಷದ ಆಷಾಢ. ಇವಳು ಹನಕೆರೆಯ ತವರಿನಲ್ಲಿದ್ದಳು. ನನಗೆ ಟೈಫಾಯಿಡ್ ಬಂತು. ಸುದ್ದಿ ಕೇಳಿ ತಡೆಯಲಾರದೆ, ಯಾರನ್ನೂ ಕೇಳದೆ ಬಂದುಬಿಟ್ಟಳು. ಒಂದೇ ಒಂದು ರಾತ್ರಿ ಇದ್ದು ಹೋದಳು. ಅದೇ ವಾರ ನಮ್ಮವ್ವ ಬಟ್ಟೆ ಒಗೆಯಲು ಹೋಗಿ ನಾಲೆಯ ಪಾಚಿ ಮೇಲೆ ಜಾರಿದಳು. ತಲೆಗೆ ಏಟು. ಉಳಿಯಲಿಲ್ಲ.

"ಅತ್ತೆ ನುಂಗ್ದೋಳು ಅಂದ್ರು ಕಣ್ ಮಗ. ಎದುರುಗೂ ಅಂದ್ರು. ಊರಲ್ಲಿ ಯಾರ್ ಮನೆ ಹೊಸ ಸೊಸೆ ಬಂದ್ರೂ ಆರತಿ ತಟ್ಟೆ ನನ್ ಕೈಗೆ ಕೊಡ್ತಿರ್ಲಿಲ್ಲ. ಮೊನ್ನೆ ನಿನ್ನ ತುಂಬಿಸ್ಕೊಂಡಾಗ್ಲೂ… ಪಕ್ಕದ್ಮನೆ ಮಲ್ಲಿಗಮ್ಮ ಬಂದು ಕಿವೀಲಿ ಅಂದ್ಲು, 'ನೀನ್ ಯಾಕವ್ವ, ಇನ್ಯಾರಾರ ಬೆಳಗ್ಲಿ' ಅಂತ. ನನ್ ಸ್ವಂತ ಮಗನ ಮದ್ವೇಲಿ. ನಾನ್ ಅಡ್ಗೆಮನೇಲಿ ನಿಂತಿದ್ದೆ. ನಾಳೆ ನನ್ಗೇನಾರ ಆದ್ರೆ, ಕುಸುಮಂಗೇನಾರ ಆದ್ರೆ, ಅದೇ ಮಾತು ನಿನ್ ತಲೆ ಮೇಲೆ ಕೂತ್ಕತದೆ. ಅದು ಇಳಿಯಾಕಿಲ್ಲ ಮಗ. ಏನ್ ಮಾಡುದ್ರೂ ಇಳಿಯಾಕಿಲ್ಲ."

ಅಡುಗೆಮನೆಯಲ್ಲಿ ಕೆಲಸ ಜಾಸ್ತಿ ಇತ್ತೇನೋ ಅಂದುಕೊಂಡಿದ್ದೆ ನಾನು.

ಅವ್ವ ಜಾರಿದ್ದು ಪಾಚಿ ಮೇಲೆ. ಹೊಸ್ತಿಲ ಮೇಲಲ್ಲ. ಈ ಮಾತನ್ನು ಅಲ್ಲೇ ಹೇಳಬೇಕು ಅನ್ನಿಸಿತು. ಕಪ್ಪು ಕನ್ನಡಕ ತೆಗೆದು ಒರೆಸುತ್ತ ಕೂತೆ.

ಅಷ್ಟರಲ್ಲಿ ಮನೆಯ ಹೆಂಗಸು ಟಾರ್ಚು ಹಿಡಿದು ಬಂದಳು, ಇವರೇಕೆ ಇಳಿಯುತ್ತಿಲ್ಲ ಅಂತ. ದೀಪಿಕ ಕಣ್ಣೊರೆಸಿಕೊಂಡು ಮಲಯಾಳದಲ್ಲಿ ಎಲ್ಲ ಹೇಳಿದಳು. ಆ ಹೆಂಗಸು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಅವರಿಗೂ ಇನ್ನೇನು ಕರ್ಕಿಡಕ ಬರುತ್ತದಂತೆ, ಅದೂ ಇಂಥದೇ ತಿಂಗಳಂತೆ. ಟಾರ್ಚನ್ನು ಮನೆಯ ಹಿಂದಕ್ಕೆ ತಿರುಗಿಸಿದಳು. ಅಡುಗೆಮನೆಗೆ ಇನ್ನೊಂದು ಬಾಗಿಲು. ಅಲ್ಲಿಂದ ರೂಮಿಗೂ ಬೇರೆ ಬಾಗಿಲು.

ಅತ್ತೆ ಮುಂದಿನಿಂದ, ಸೊಸೆ ಹಿಂದಿನಿಂದ. ಈಗ ಇಬ್ಬರೂ ಒಂದೇ ಮಂಚದಲ್ಲಿ ಮಲಗಿದ್ದಾರೆ. ನನಗೆ ಚಾಪೆ. ಹೊಂಬಾಳೆಯ ಕೈ ಅವಳ ತಲೆ ಮೇಲಿದೆ.

ಜುಲೈ ೧೦, ಗುರುವಾರ

ಬೆಳಿಗ್ಗೆ ಘಾಟಿ ಬಿಟ್ಟರು. ಒಂದೊಂದು ತಿರುವೂ ಕತ್ತರಿ. ಒಂದು ಪಕ್ಕ ಬಂಡೆಯಿಂದ ನೀರು ಧುಮುಕುತ್ತಿದೆ, ಇನ್ನೊಂದು ಪಕ್ಕ ಬರೀ ಮಂಜು. ಎದುರಿನಿಂದ ಲಾರಿ ಬಂದಾಗ ದೀಪಿಕ ನಿಲ್ಲಿಸಿ, ಸ್ವಲ್ಪ ಹಿಂದೆ ತೆಗೆದುಕೊಂಡು, ದಾರಿ ಬಿಟ್ಟಳು. ಲಾರಿಯವನು ಕೈಯೆತ್ತಿದ. ನನ್ನ ಕಾಲು ಮ್ಯಾಟು ಒತ್ತಲಿಲ್ಲ. ಹೊಂಬಾಳೆ ವಾಂತಿ ಮಾಡಲಿಲ್ಲ.

ಕೋಳಿಕೋಡಿನ ಆಸ್ಪತ್ರೆ ದೊಡ್ಡದು. ಗಾಜಿನ ಬಾಗಿಲು, ತಾನೇ ತೆರೆದುಕೊಳ್ಳುತ್ತದೆ. ಹೊಂಬಾಳೆ ಕೆಳಗೆ ನೋಡಿ, "ಇದ್ಕೆ ಒಸ್ಲಿಲ್ಲ" ಅಂದಳು, ಆದರೂ ದೀಪಿಕಳನ್ನು ಎಮರ್ಜೆನ್ಸಿ ಕಡೆಯಿಂದ ಕಳಿಸಿದಳು. ಮೂರನೇ ಮಹಡಿ. ವಾರ್ಡಿಗೆ ಒಂದೇ ಬಾಗಿಲು. ದೀಪಿಕ ಆಚೆ, ವರಾಂಡದ ಬೆಂಚಿನ ಮೇಲೆ.

ಕುಸುಮ ಇಳಿದುಹೋಗಿದ್ದಾಳೆ. ಬಾಯಿ ಮಾತ್ರ ಹಾಗೇ ಇದೆ. ಅಕ್ಕನನ್ನು ನೋಡಿದವಳೇ, "ಅಕ್ಕೋ, ಬಸ್ಸಲ್ ಬಂದ್ಯೋ, ಇಲ್ಲಾ ಬಕೀಟು ಇಡ್ಕೊಂಡು ಬಂದ್ಯೋ?" ಇಬ್ಬರೂ ನಕ್ಕರು. ನಗುತ್ತ ನಗುತ್ತ ಅತ್ತರು. ಮುದ್ದಯ್ಯ ಕಿಟಕಿ ಕಡೆ ತಿರುಗಿದ.

ಆಮೇಲೆ ಕುಸುಮ ಕೇಳಿದಳು: "ಸಸಿ ಎಡ್ತಿ ಎಲ್ಲಿ? ಮದ್ವೇಗೆ ಬರಾಕಾಗ್ಲಿಲ್ಲ. ಪೋಟೋದಲ್ಲಿ ನೋಡಿವ್ನಿ ಅಷ್ಟೆ."

"ಕೆಳ್ಗವ್ಳೆ. ಗಾಡಿ ತಾವ."

"ಸುಳ್ ಬೊಗಳ್ಬ್ಯಾಡ. ಆಸಾಡ ಅಂತ ಬಾಗ್ಲಾಚೆ ಕೂರ್ಸಿದ್ದೀಯೆ. ಕರ್ಸು. ನನ್ ಎದೆ ಕೊಯ್ಯಾಕೆ ಮುಂಚೆ ಅವ್ಳ ಮೊಕ ನೋಡ್ಬೇಕು."

"ಹಂಗಾರೆ ನಾನ್ ಆಚೀಕ್ ಓಯ್ತೀನಿ, ಅವ್ಳು ಬರ್ಲಿ."

"ನಾನೇನ್ ತಾಲೂಕ್ ಆಪೀಸರಾ, ಒಬ್ಬೊಬ್ರೆ ಬರಾಕೆ? ಇಬ್ರೂ ಬನ್ನಿ, ಒಟ್ಗೆ. ನಿನ್ ಪಕ್ದಲ್ಲಿ ನಿನ್ ಸೊಸೆ ನಿಂತಿರೋದು ನೋಡ್ಬೇಕು ನಂಗೆ. ಊರ್ ಆಡ್ದ ಆ ಮಾತೆಲ್ಲ ನಂಗೂ ಗೊತ್ತು ಕಣಕ್ಕ. ಅದ್ಕೇ ಕೇಳ್ತಾ ಇರಾದು."

ಹೊಂಬಾಳೆ ಎದ್ದು ಬಾಗಿಲವರೆಗೆ ಬಂದಳು. ಆಚೆ ಬೆಂಚಿನಲ್ಲಿ ದೀಪಿಕ. ಇಬ್ಬರ ನಡುವೆ ಬಾಗಿಲು ಅಷ್ಟೇ. ತುಂಬ ಹೊತ್ತು ನಿಂತಳು. ಕೈ ಅರ್ಧ ಎತ್ತಿದಳು, ಇಳಿಸಿದಳು. ನರ್ಸು ಬಂದು ಟೈಮಾಯಿತು ಅಂದಳು.

ರಾತ್ರಿ ಊಟ ಮುಟ್ಟಿಲ್ಲ. ಮುದ್ದಯ್ಯ ಪಕ್ಕದಲ್ಲೇ ಎರಡು ಲಾಡ್ಜು ಮಾಡಿಕೊಟ್ಟಿದ್ದಾನೆ. ನಾವು ಇಲ್ಲಿ, ದೀಪಿಕ ಎದುರಿನದರಲ್ಲಿ. ಕಿಟಕಿಯಿಂದ ಅವಳ ರೂಮಿನ ದೀಪ ಕಾಣುತ್ತದೆ. ಹೊಂಬಾಳೆ ಅದನ್ನೇ ನೋಡುತ್ತ ಕೂತಿದ್ದಾಳೆ.

ಕಾರಿನಲ್ಲಿ ನುಂಗಿಕೊಂಡದ್ದನ್ನು ಈಗ ಹೇಳಿದೆ: "ಅವ್ವ ಜಾರಿದ್ದು ಪಾಚಿ ಮೇಲೆ ಕಣೆ."

"ನಂಗೊತ್ತಿಲ್ವಾ?" ಅಂದಳು. "ಊರ್ಗೆ ಗೊತ್ತಾಗ್ಬೇಕಲ್ಲ, ಸಸಿ ಅಪ್ಪಾ."

ಜುಲೈ ೧೧, ಶುಕ್ರವಾರ. ಬೆಳಿಗ್ಗೆ ಏಳು

ಆರು ಗಂಟೆಗೆ ಹೊಂಬಾಳೆ ಎದ್ದು, ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟಳು. ಎದುರಿನ ಲಾಡ್ಜಿನ ಮುಂದೆ ಬೀದಿಯಲ್ಲಿ ನಿಂತು ಕೂಗಿದಳು: "ದೀಪೀ… ತಲೆ ಬಾಚ್ಕೊಂಡ್ ಬಾ. ಊವ ತಕೊ ಇಲ್ಲಿ." ಮಾರ್ಕೆಟ್ಟಿಗೆ ಹೊರಟವರೆಲ್ಲ ತಿರುಗಿ ನೋಡಿದರು.

ಮೂರನೇ ಮಹಡಿ. ವಾರ್ಡಿನ ಬಾಗಿಲು. ಹೊಂಬಾಳೆ ಸೊಸೆಯ ಮಣಿಕಟ್ಟು ಹಿಡಿದಳು. ದೀಪಿಕಳೇ ಹಿಂದೆ ಸರಿದಳು.

"ಅತ್ತೆ, ಬ್ಯಾಡಿ. ಇವತ್ ಬ್ಯಾಡಿ. ಚಿಕ್ಕತ್ತೆಗೆ ಏನಾರ…"

"ನಾನ್ ಕರ್ಕೊಂಡ್ ಓಯ್ತಾ ಇರಾದು. ನೀನ್ ಬತ್ತಾ ಇರಾದಲ್ಲ. ಗೊತ್ತಾಯ್ತಾ? ಬಾ."

ಒಳಗೆ ಹೋದರು. ಒಟ್ಟಿಗೆ. ಬಲಗಾಲು ಯಾರದು ಮೊದಲು ಅಂತ ನಾನು ನೋಡಲಿಲ್ಲ. ಕಣ್ಣು ಸರಿಯಿಲ್ಲ.

ಕುಸುಮ ದೀಪಿಕಳ ಕೆನ್ನೆ ಮುಟ್ಟಿ, "ಪೋಟೋಗಿಂತ ಕಪ್ಪಗವ್ಳೆ ಕಣಕ್ಕ, ಚೆಂದಾಗವ್ಳೆ" ಅಂದಳು. ಆಮೇಲೆ ಸ್ಟ್ರೆಚರು ಬಂತು. ತಾನೇ ಎದ್ದು ಹತ್ತಿದಳು.

ಹೊಂಬಾಳೆ ಆಚೆ ಬಂದು ನನ್ನ ಮುಂದೆ ನಿಂತಳು.

"ದಿನಾ ಏನೋ ಬರೀತೀರಲ್ಲ, ಅದ್ರಲ್ ಬರೀರಿ. ಈಗ್ಲೇ."

ಹೇಳಿಸಿ ಬರೆಸಿದಳು. ಬರೆದದ್ದು ಇಷ್ಟು:

ಈ ದಿನ ಆಷಾಢ ಶುಕ್ರವಾರ, ಕುಸುಮಳ ವಾರ್ಡಿನ ಬಾಗಿಲನ್ನು ದೀಪಿಕ ತಾನಾಗಿ ದಾಟಲಿಲ್ಲ. ಬೇಡ ಅಂದಳು. ಕೈ ಹಿಡಿದು ದಾಟಿಸಿದವಳು ಅತ್ತೆ ಹೊಂಬಾಳಮ್ಮ. ಮುಂದೆ ಏನೇ ಆದರೂ ಅದು ದೀಪಿಕಳಿಂದ ಆದದ್ದಲ್ಲ.

"ಓದಿ."

ಓದಿದೆ.

"'ಏನೇ ಆದರೂ' ಅನ್ನಾದ್ರ ಕೆಳ್ಗೆ ಗೀಟ್ ಎಳೀರಿ. ಮಲ್ಲಿಗಮ್ಮಂಗೆ ನಾನೇ ಓದುಸ್ತೀನಿ."

ಗೀಟು ಎಳೆದೆ. ಕೆಳಗೆ ನಾನೇ ಸೇರಿಸಿದ್ದು: ಕಣ್ಣಾರೆ ಕಂಡವನು, ಶಿವರಾಜು. ಒಂದೂವರೆ ಕಣ್ಣಾರೆ ಅನ್ನಬೇಕು. ಇರಲಿ.

ಮಧ್ಯಾಹ್ನ ಎರಡು

ಇನ್ನೂ ಒಳಗೇ. ಮಳೆ ನಿಂತಿಲ್ಲ. ಮುದ್ದಯ್ಯ ಬೀಡಿಗೆ ಹೋಗಿ ಬರುತ್ತಾನೆ, ಹೋಗಿ ಬರುತ್ತಾನೆ. ಅತ್ತೆ ಸೊಸೆ ಒಂದೇ ಬೆಂಚು. ಯಾರಾದರೂ ಡಾಕ್ಟರು ಹಾದುಹೋದರೆ ದೀಪಿಕಳೇ ಮೊದಲು ಏಳುತ್ತಾಳೆ. ಹೊಂಬಾಳೆ ಸೆರಗು ಹಿಡಿದು ಕೂರಿಸುತ್ತಾಳೆ.

"ಎದ್ರುಕೋಬ್ಯಾಡ. ಬರ್ಸಿಲ್ವಾ?"

ನಾಲ್ಕೂವರೆ

ಡಾಕ್ಟರು ಬಂದರು. ಮಲಯಾಳದಲ್ಲಿ ಏನೋ ಹೇಳಿದರು. ದೀಪಿಕ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಅತ್ತೆಯ ಭುಜ ಹಿಡಿದಳು. ಏನಂತೆ, ಏನಂತೆ ಅಂತ ಮೂವರೂ ಅವಳನ್ನು ಕೇಳಿದೆವು. ವಾಲ್ವು ಹಾಕಿದ್ದಾರೆ. ಕೂತಿದೆ. ಪ್ರಜ್ಞೆ ಬರಬೇಕು. ಅದು ಬರುವವರೆಗೆ ಏನೂ ಹೇಳುವ ಹಾಗಿಲ್ಲ.

ರಾತ್ರಿ ಏಳು

ಐಸಿಯು ಬಾಗಿಲು ತೆಗೆದು ನರ್ಸು ಕರೆದಳು. ಕುಸುಮ ಕಣ್ಣು ಬಿಟ್ಟಿದ್ದಾಳಂತೆ. ಒಬ್ಬರು ಬಂದು ನೋಡಬಹುದಂತೆ. ಒಬ್ಬರೇ.

ಮುದ್ದಯ್ಯ ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟ. "ಅಕ್ಕ ಓಗ್ಲಿ" ಅಂದ. ಹೊಂಬಾಳೆ ಚಪ್ಪಲಿ ಬಿಟ್ಟು ನನ್ನ ಕೈಗೆ ಕೊಟ್ಟಳು. ಎರಡು ಹೆಜ್ಜೆ ಹೋಗಿ ನಿಂತಳು. ತಿರುಗಿದಳು.

"ನೀನ್ಯಾಕ್ ಕೂತಿದ್ದೀಯೆ? ಬುಡು ಚಪ್ಲೀಯ."

ದೀಪಿಕ, "ಒಬ್ರೇ ಅಂತೆ ಅತ್ತೆ" ಅಂದಳು. ನರ್ಸೂ ಬೆರಳೆತ್ತಿ ತೋರಿಸಿದಳು, ಒಂದು ಅಂತ.

"ಒಂದೇ ಸಂಸಾರ ಕಣಮ್ಮ ನಮ್ದು" ಅಂದಳು ಹೊಂಬಾಳೆ, ಅಪ್ಪಟ ಹನಕೆರೆ ಕನ್ನಡದಲ್ಲಿ, ಮಲಯಾಳದ ನರ್ಸಿಗೆ. "ನೀನ್ ಸುಮ್ನೆ ಸರ್ಕೊ ಅತ್ಲಾಗೆ."

ನರ್ಸು ದೀಪಿಕಳ ಮುಖ ನೋಡಿದಳು, ಏನಂದರು ಅಂತ. ದೀಪಿಕ ಅದನ್ನು ಮಲಯಾಳಕ್ಕೆ ಹೇಗೆ ತಿರುಗಿಸಿದಳೋ ಗೊತ್ತಿಲ್ಲ. ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಸರಿದಳು.

ನನ್ನ ತೊಡೆ ಮೇಲೆ ಎರಡು ಜೊತೆ ಚಪ್ಪಲಿ. ಬರೆಯಲು ಜಾಗವಿಲ್ಲ. ಒಳಗಿನಿಂದ ಏನೋ ಕೇಳಿಸುತ್ತಿದೆ — ಕುಸುಮಳದೇ ದನಿ ಇರಬೇಕು, ಸಣ್ಣಗೆ, ಇವರಿಬ್ಬರಲ್ಲಿ ಯಾರನ್ನೋ ಬೈಯುತ್ತಿದೆ.